ಫೋಟಾನ್-ಫೋಟಾನ್ ಸಂಘಟ್ಟನೆಯಲ್ಲಿ ಮೆಸಾನ್ ಅನುರಣನಗಳು: ಒಂದು ಚಾರಿತ್ರಿಕ ವಿವೇಚನೆ

ಬೆಳಕಿಂಡಿಯಿಂದ ಒಳಗಿಳಿಯುವ ಬಿಸಿಲುಕೋಲಿಗೆ ಅಡ್ಡಲಾಗಿ ಕನ್ನಡಿಯ ತುಂಡಿನಿಂದ ಮತ್ತೊಂದು ಬಿಸಿಲುಕೋಲನ್ನು ಹಾಯಿಸಿ ಆಡದ ಮಕ್ಕಳು ನಮ್ಮಲ್ಲಿ ವಿರಳ. ಧೂಳಿನಲ್ಲಿ ಮಿನುಗುತ್ತ ಆ ಎರಡು ಕೋಲುಗಳೂ ಒಂದನ್ನೊಂದು ದಾಟಿ ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತವೆ. ಒಂದು ಇನ್ನೊಂದನ್ನು ತಡೆಯುವುದಿಲ್ಲ, ಬಾಗಿಸುವುದಿಲ್ಲ, ಅದರ ಬಣ್ಣವನ್ನು ಕೆಡಿಸುವುದೂ ಇಲ್ಲ. ಈ ಸಾಮಾನ್ಯ ಅನುಭವವನ್ನು ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಇಬ್ನ್ ಅಲ್-ಹೈಥಮ್ ಎಂಬ ವಿದ್ವಾಂಸನು ಪ್ರಯೋಗದಿಂದ ಸ್ಥಾಪಿಸಿದನು. ಹಲವು ದೀಪಗಳನ್ನು ಬೇರೆಬೇರೆ ಸ್ಥಳಗಳಲ್ಲಿಟ್ಟು, ಅವುಗಳ ಬೆಳಕೆಲ್ಲ ಒಂದೇ ರಂಧ್ರದ ಮೂಲಕ ಕತ್ತಲೆಯ ಕಡೆಗೆ ಬೀಳುವಂತೆ ಮಾಡಿ, ಒಂದು ದೀಪಕ್ಕೆ ಮರೆಯೊಡ್ಡಿದರೆ ಆ ದೀಪದ ಬೆಳಕಿನ ಮಚ್ಚೆಯೊಂದೇ ಮಾಯವಾಗುವುದೆಂದೂ ಉಳಿದವು ಇದ್ದಂತೆಯೇ ಇರುವುವೆಂದೂ ಅವನು ತೋರಿಸಿದನು. 1690ರಲ್ಲಿ ಹೈಗನ್ಸನು ಬೆಳಕಿನ ಅಲೆಗಳನ್ನು ಕುರಿತು ಬರೆದಾಗಲೂ ಕಿರಣಗಳು ಒಂದಕ್ಕೊಂದು ಅಡ್ಡಿಯಾಗದೆ ದಾಟುವ ಈ ಸಂಗತಿಯನ್ನು ಆಧಾರವಾಗಿ ಹಿಡಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ರಚಿಸಿದ ವಿದ್ಯುತ್ಕಾಂತ ಸಮೀಕರಣಗಳು ಇದಕ್ಕೆ ಗಣಿತದ ಮುದ್ರೆಯನ್ನೊತ್ತಿದವು. ಆ ಸಮೀಕರಣಗಳ ಪ್ರಕಾರ ನಿರ್ವಾತದಲ್ಲಿ ಎರಡು ಬೆಳಕುಗಳು ಕೂಡಿಕೊಳ್ಳಬಲ್ಲವೇ ಹೊರತು ಒಂದನ್ನೊಂದು ತಾಗಲಾರವು.

ಈ ತೀರ್ಮಾನವು ಇಪ್ಪತ್ತನೆಯ ಶತಮಾನದಲ್ಲಿ ಹೇಗೆ ಸಡಿಲವಾಯಿತು, ಬೆಳಕಿಗೆ ಬೆಳಕು ತಾಗಿ ಮೆಸಾನ್ ಎಂಬ ದ್ರವ್ಯಕಣಗಳು ಹುಟ್ಟುವುದನ್ನು ವಿದ್ವಾಂಸರು ಹೇಗೆ ಕಂಡುಕೊಂಡರು ಎಂಬುದೇ ಪ್ರಸ್ತುತ ಲೇಖನದ ವಿಷಯ. ಈ ಲೇಖಕನು ಭೌತವಿಜ್ಞಾನಿಯಲ್ಲ, ಇತಿಹಾಸದ ಅಧ್ಯಾಪಕ. ಆದುದರಿಂದ ಗಣಿತಕ್ಕೆ ಕೈಹಾಕದೆ, ಯಾರು, ಯಾವಾಗ, ಯಾವ ಸಾಧನದಿಂದ, ಯಾವ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದರೆಂಬುದನ್ನೇ ಮುಖ್ಯವಾಗಿ ವಿಚಾರಿಸಲಾಗುವುದು. ಹೀಗೆ ವಿಚಾರಿಸಲು ಕಾರಣವೂ ಉಂಟು. ಈ ವಿಷಯವನ್ನು ಕುರಿತ ಜನಪ್ರಿಯ ಬರಹಗಳು 1930ರ ದಶಕದ ಕೆಲವು ಸಿದ್ಧಾಂತಗಳನ್ನು ಹೇಳಿ, ಅಲ್ಲಿಂದ ಒಂದೇ ನೆಗೆತಕ್ಕೆ 2017ಕ್ಕೆ ಬಂದುಬಿಡುತ್ತವೆ. ನಡುವಣ ಎಂಬತ್ತು ವರ್ಷ ಬರಿದಾಗಿತ್ತೆಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ವಾಸ್ತವವಾಗಿ ಆ ಅವಧಿಯಲ್ಲಿಯೇ ಬೆಳಕಿನ ಸಂಘಟ್ಟನೆಯು ಕುತೂಹಲದ ವಸ್ತುವಾಗಿದ್ದುದು ಹೋಗಿ ದ್ರವ್ಯದ ಒಳರಚನೆಯನ್ನು ಪರೀಕ್ಷಿಸುವ ಉಪಕರಣವಾಯಿತು. ಆ ಪರಿವರ್ತನೆ ನಡೆದುದು ಮೆಸಾನುಗಳ ಮೂಲಕ.

ಬೆಳಕು ಫೋಟಾನುಗಳೆಂಬ ಕಣಗಳ ಪ್ರವಾಹವೆಂಬ ಭಾವನೆ 1920ರ ದಶಕದಲ್ಲಿ ನೆಲೆಗೊಂಡ ಕೂಡಲೆ, ಕಣಗಳಾದರೆ ಅವು ಡಿಕ್ಕಿಯಾಗಬೇಡವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1930ರಲ್ಲಿ ಅಮೆರಿಕದ ಹ್ಯೂಸ್ ಮತ್ತು ಜಾನ್ಸಿ ಎಂಬಿಬ್ಬರು ಬೆಳಕಿನ ಎರಡು ತೀಕ್ಷ್ಣ ಕಿರಣಗಳನ್ನು ಪರಸ್ಪರ ಹಾಯಿಸಿ, ಚದರಿದ ಬೆಳಕೇನಾದರೂ ಕಾಣುವುದೋ ಎಂದು ಹುಡುಕಿದರು. ಏನೂ ಕಾಣಲಿಲ್ಲ. ಆ ಪ್ರಯೋಗದ ಹಿಂದೆ ಸಿದ್ಧಾಂತವೆಂಬುದು ಹೆಚ್ಚೇನೂ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಸಿದ್ಧಾಂತವು ಬಂದುದು ಡಿರಾಕ್ ಅವರ 1928ರ ಎಲೆಕ್ಟ್ರಾನ್ ಸಮೀಕರಣದ ಫಲವಾಗಿ, ಅದರಲ್ಲಿಯೂ 1932ರಲ್ಲಿ ಪಾಸಿಟ್ರಾನ್ ದೊರೆತ ಮೇಲೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಕೂಡಿ ಅಳಿದರೆ ಬೆಳಕಾಗುವುದಾದರೆ, ಬೆಳಕು ಬೆಳಕಿನೊಡನೆ ಕೂಡಿ ಆ ಜೋಡಿಯಾಗಬಾರದೇಕೆ? 1934ರಲ್ಲಿ ನ್ಯೂಯಾರ್ಕಿನಲ್ಲಿದ್ದ ಬ್ರೈಟ್ ಮತ್ತು ವೀಲರ್ ಈ ಕ್ರಿಯೆಯ ಸಂಭಾವ್ಯತೆಯನ್ನು ಲೆಕ್ಕಹಾಕಿದರು. ಎಕ್ಸ್-ಕಿರಣ, ಗಾಮಾ ಕಿರಣಗಳನ್ನು ನೇರವಾಗಿ ಹಾಯಿಸಿ ಅದನ್ನು ಪ್ರಯೋಗಶಾಲೆಯಲ್ಲಿ ನೋಡುವ ಆಸೆಯನ್ನು ಬಿಡಬೇಕೆಂದು ಅವರೇ ಬರೆದರು.

ಇದೇ ಕಾಲದಲ್ಲಿ ಲೈಪ್‌ಜಿಗ್ ನಗರದಲ್ಲಿ ಹೈಸೆನ್‌ಬರ್ಗ್ ಅವರ ಶಿಷ್ಯರಾಗಿದ್ದ ಹಾನ್ಸ್ ಆಯ್ಲರ್ ಎಂಬ ತರುಣರು ಕೊಕೆಲ್ ಅವರೊಡನೆ 1935ರಲ್ಲಿ ಮತ್ತೊಂದು ಲೆಕ್ಕವನ್ನು ಪ್ರಕಟಿಸಿದರು. ಎರಡು ಫೋಟಾನುಗಳು ಎಲೆಕ್ಟ್ರಾನ್ ಜೋಡಿಯನ್ನು ನಿಜವಾಗಿ ಹುಟ್ಟಿಸುವಷ್ಟು ಶಕ್ತಿಯುಳ್ಳವಲ್ಲದಿದ್ದರೂ, ಕ್ಷಣಮಾತ್ರ ತೋರಿ ಅಡಗುವ ಜೋಡಿಗಳ ಮಧ್ಯಸ್ಥಿಕೆಯಿಂದ ಒಂದನ್ನೊಂದು ಚದರಿಸಬಲ್ಲವೆಂಬುದು ಅದರ ಸಾರ. ಆದರೆ ಕಡಮೆ ಶಕ್ತಿಯಲ್ಲಿ ಈ ಪರಿಣಾಮವು ಬೆಳಕಿನ ಆವರ್ತದ ಆರನೆಯ ಘಾತದಂತೆ ಕುಗ್ಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಕನ್ನಡಿ ಹಿಡಿದು ಆಡುವ ಮಕ್ಕಳಿಗೂ ಹ್ಯೂಸ್-ಜಾನ್ಸಿಯವರಿಗೂ ಏನೂ ಕಾಣದೇ ಹೋದುದರ ಕಾರಣ ಇದೇ. 1936ರಲ್ಲಿ ಹೈಸೆನ್‌ಬರ್ಗ್ ಮತ್ತು ಆಯ್ಲರ್ ಕೂಡಿ ಈ ವಿಚಾರವನ್ನು ವ್ಯಾಪಕವಾಗಿ ನಿರೂಪಿಸಿದರು. ಯುದ್ಧ ಪ್ರಾರಂಭವಾದ ಮೇಲೆ ಆಯ್ಲರ್ ಜರ್ಮನಿಯ ವಾಯುದಳವನ್ನು ಸೇರಿದರು. 1941ರ ಜೂನ್ ತಿಂಗಳಲ್ಲಿ ಅಜೋವ್ ಸಮುದ್ರದ ಕಡೆಗೆ ಹಾರಿದ ಅವರ ವಿಮಾನವು ಹಿಂದಿರುಗಲಿಲ್ಲ. ಅವರಿಗೆ ಆಗ ಮೂವತ್ತೊಂದು ವಯಸ್ಸು. ತಮ್ಮ ಲೆಕ್ಕವನ್ನು ಯಾರಾದರೂ ಪರೀಕ್ಷಿಸುವ ದಿನವೊಂದು ಬಂದೀತೆಂದು ಅವರು ಎಣಿಸಿದ್ದರೋ ಇಲ್ಲವೋ, ಆ ದಿನವು ಅವರು ತೀರಿದ ಮುಕ್ಕಾಲು ಶತಮಾನದ ಮೇಲೆ ಬಂದಿತು.

ನೇರವಾಗಿ ಬೆಳಕನ್ನು ಬೆಳಕಿಗೆ ಹಾಯಿಸುವ ಮಾರ್ಗ ಹೀಗೆ ಮುಚ್ಚಿದ್ದರೂ, ಮತ್ತೊಂದು ಮಾರ್ಗವು ಆಗಲೇ ತೆರೆದಿತ್ತು. ಅದರ ಮಹತ್ವ ಮಾತ್ರ ಬಹುಕಾಲ ಪೂರ್ಣವಾಗಿ ತಿಳಿಯಲಿಲ್ಲ. 1924ರಲ್ಲಿಯೇ ಫರ್ಮಿಯವರು, ವೇಗವಾಗಿ ಹಾದುಹೋಗುವ ವಿದ್ಯುದಂಶವುಳ್ಳ ಕಣದ ಸುತ್ತಣ ವಿದ್ಯುತ್ ಕ್ಷೇತ್ರವು ದಾರಿಯಲ್ಲಿರುವ ಪರಮಾಣುವಿಗೆ ಬೆಳಕಿನ ಅಲೆಯಂತೆಯೇ ತೋರುವುದೆಂದು ಸೂಚಿಸಿದ್ದರು. ಹತ್ತು ವರ್ಷಗಳ ತರುವಾಯ ಜರ್ಮನಿಯ ವೈಟ್ಸೇಕರ್ ಮತ್ತು ವೇಲ್ಸ್ ನಾಡಿನ ವಿಲಿಯಮ್ಸ್ ಬೇರೆಬೇರೆಯಾಗಿ ಇದನ್ನು ಕ್ವಾಂಟಂ ಸಿದ್ಧಾಂತಕ್ಕೆ ಹೊಂದುವಂತೆ ಬೆಳೆಯಿಸಿದರು. ಇದರ ತಾತ್ಪರ್ಯ ಇಷ್ಟು: ಬೆಳಕಿನ ವೇಗಕ್ಕೆ ಸಮೀಪಿಸಿದ ಎಲೆಕ್ಟ್ರಾನ್ ಒಂಟಿಯಾಗಿ ಬರುವುದಿಲ್ಲ, ಉತ್ಸವಮೂರ್ತಿಯೊಡನೆ ದೀವಟಿಗೆಗಳು ಬರುವಂತೆ ತನ್ನ ಸುತ್ತ ಫೋಟಾನುಗಳ ಪರಿವಾರವನ್ನು ಕರೆದುಕೊಂಡೇ ಬರುತ್ತದೆ. ಅಂತಹ ಎರಡು ಎಲೆಕ್ಟ್ರಾನುಗಳು ಎದುರುಬದುರಾಗಿ ಹಾಯ್ದಾಗ ಅವು ತಾವೇ ತಾಗದಿದ್ದರೂ ಅವುಗಳ ಪರಿವಾರದ ಫೋಟಾನುಗಳು ಪರಸ್ಪರ ತಾಗಬಹುದು. 1934ರಲ್ಲಿ ಸೋವಿಯತ್ ದೇಶದ ಲಾಂಡೌ ಮತ್ತು ಲಿಫ್‌ಶಿಟ್ಸ್, ಎರಡು ವೇಗಶಾಲಿ ಕಣಗಳು ಹಾಯುವಾಗ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟುವ ಪ್ರಮಾಣವನ್ನು ಗಣಿಸಿದರು.

ಈ ಸಂದರ್ಭದಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾಗದು. 1935ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ ಅವರು ವೇಗಶಾಲಿ ಕಣಗಳಿಂದ ಎಲೆಕ್ಟ್ರಾನ್ ಜೋಡಿಗಳು ಹುಟ್ಟುವುದನ್ನೇ ಕುರಿತು ವಿಸ್ತಾರವಾದ ಲೇಖನವೊಂದನ್ನು ಪ್ರಕಟಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಎರಡು ಫೋಟಾನುಗಳ ಕ್ರಿಯೆಯೇ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದನ್ನೊಂದು ಚದರಿಸುವ ಲೆಕ್ಕವನ್ನೂ ಅವರು ಆಗಲೇ ಮಾಡಿದರು. ಅದಕ್ಕೆ ಅವರ ಹೆಸರೇ ನಿಂತಿದೆ. ಮುಂದೆ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರಗಳಲ್ಲಿ ಎಷ್ಟು ಸಂಘಟ್ಟನೆಗಳಾದುವೆಂದು ಅಳೆಯಲು ಈ ಭಾಭಾ ಚದರಿಕೆಯೇ ಅಳತೆಗೋಲಾಯಿತು. ಮೆಸಾನುಗಳ ಉತ್ಪತ್ತಿಯ ಪ್ರಮಾಣವನ್ನು ನಿರ್ಣಯಿಸಿದವರೆಲ್ಲ ಮೊದಲು ಆ ಕೋಲನ್ನು ಹಿಡಿಯಬೇಕಾಯಿತು. ‘ಮೆಸಾನ್’ ಎಂಬ ಹೆಸರು ನೆಲೆಯಾದುದರಲ್ಲಿಯೂ ಅವರ ಪಾತ್ರವುಂಟು. ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವಣ ತೂಕದ ಕಣವನ್ನು ‘ಮೆಸೊಟ್ರಾನ್’ ಎನ್ನುತ್ತಿದ್ದ ಕಾಲದಲ್ಲಿ, ಗ್ರೀಕ್ ಧಾತುವಾದ ‘ಮೆಸೊ’ದಲ್ಲಿ ಇಲ್ಲದ ‘ಟ್ರ’ಕಾರವನ್ನು ತಂದು ಸೇರಿಸುವುದು ಸಲ್ಲದೆಂದೂ ‘ಮೆಸಾನ್’ ಎಂದರೆ ಸಾಕೆಂದೂ 1939ರಲ್ಲಿ ಅವರು ವಾದಿಸಿದರು. ವ್ಯಾಕರಣದ ಈ ಸೂಕ್ಷ್ಮವು ನಮ್ಮ ಪಂಡಿತರಿಗೆ ಒಪ್ಪಿಗೆಯಾಗುವಂತಹುದೇ! ಯುದ್ಧದ ವರ್ಷಗಳನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಳೆದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಅಲ್ಲಿಯೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋಯಿತು. ಜಿನೀವಾದ ಲೆಪ್ ಯಂತ್ರದಲ್ಲಿ ಎರಡು ಫೋಟಾನುಗಳ ಕ್ರಿಯೆಗಳನ್ನು ಅಳೆದ ಎಲ್-3 ತಂಡದಲ್ಲಿ ಆ ಸಂಸ್ಥೆಯವರೂ ಇದ್ದರು.

ಇನ್ನು ಮೆಸಾನ್ ಅನುರಣನವೆಂದರೇನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ತಂಬೂರಿಯ ಒಂದು ತಂತಿಯ ಶ್ರುತಿಯನ್ನು ಮತ್ತೊಂದು ವಾದ್ಯದಲ್ಲಿ ನುಡಿಸಿದರೆ ಆ ತಂತಿ ತಾನೇ ಮಿಡಿಯುತ್ತದೆ. ಶ್ರುತಿ ತಪ್ಪಿದರೆ ಸುಮ್ಮನಿರುತ್ತದೆ. ಅದರಂತೆಯೇ ಎರಡು ಫೋಟಾನುಗಳ ಕೂಡಿದ ಶಕ್ತಿಯು ಯಾವುದಾದರೊಂದು ಮೆಸಾನಿನ ದ್ರವ್ಯರಾಶಿಗೆ ಸರಿಹೊಂದಿದಾಗ ಸಂಘಟ್ಟನೆಯ ಫಲವು ಹಠಾತ್ತನೆ ಏರುತ್ತದೆ. ಲೆಕ್ಕದ ನಕ್ಷೆಯಲ್ಲಿ ಅಲ್ಲೊಂದು ಶಿಖರವೇಳುತ್ತದೆ. ಹೀಗೆ ಹುಟ್ಟಿದ ಮೆಸಾನ್ ಕ್ಷಣಾರ್ಧವೂ ಬಾಳದೆ ಬೇರೆ ಕಣಗಳಾಗಿ ಒಡೆಯುತ್ತದೆ. ಮೆಸಾನ್ ಎರಡು ಫೋಟಾನುಗಳಾಗಿ ಒಡೆಯುವ ದರವೂ ಎರಡು ಫೋಟಾನುಗಳಿಂದ ಅದು ಹುಟ್ಟುವ ಪ್ರಮಾಣವೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಒಂದನ್ನು ಅಳೆದರೆ ಇನ್ನೊಂದು ತಿಳಿಯುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ಸಂಬಂಧವನ್ನು ಅವಲಂಬಿಸಿದೆ.

ತಟಸ್ಥ ಪೈ-ಮೆಸಾನ್ 1950ರಲ್ಲಿ ಬರ್ಕ್ಲಿಯ ಯಂತ್ರಗಳಲ್ಲಿ ಗುರುತಿಸಲ್ಪಟ್ಟಿತು. ಗುರುತಿಸಿದುದೂ ಅದು ಒಡೆದಾಗ ಹೊರಡುವ ಎರಡು ಗಾಮಾ ಕಿರಣಗಳಿಂದಲೇ. ನೂರಕ್ಕೆ ಸುಮಾರು ತೊಂಬತ್ತೊಂಬತ್ತು ಸಲ ಅದು ಎರಡು ಫೋಟಾನುಗಳಾಗಿಯೇ ಮುಗಿಯುತ್ತದೆ. ಅದರ ಆಯುಸ್ಸಾದರೋ, ಒಂದು ಸೆಕೆಂಡನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಕಡಮೆ. ಇಷ್ಟು ಅಲ್ಪ ಕಾಲವನ್ನು ಅಳೆಯುವುದು ಹೇಗೆ? 1951ರಲ್ಲಿ ಪ್ರಿಮಕಾಫ್ ಒಂದು ಉಪಾಯ ಸೂಚಿಸಿದರು. ಪರಮಾಣು ಬೀಜದ ವಿದ್ಯುತ್ ಕ್ಷೇತ್ರವನ್ನೇ ಒಂದು ಫೋಟಾನ್ ಎಂದು ಭಾವಿಸಿ, ಅದಕ್ಕೆ ಗಾಮಾ ಕಿರಣವನ್ನು ಹಾಯಿಸಿದರೆ ಪೈ-ಮೆಸಾನ್ ಹುಟ್ಟುತ್ತದೆ. ಎಷ್ಟು ಹುಟ್ಟಿದುವೆಂದು ಎಣಿಸಿದರೆ ಆಯುಸ್ಸು ತಿಳಿಯುತ್ತದೆ. 1960ರಲ್ಲಿ ಫ್ರಾನ್ಸಿಸ್ ಲೋ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬೀಜದ ಗೊಡವೆಯೇ ಬೇಡ. ಎದುರುಬದುರಾಗಿ ಹಾಯುವ ಎಲೆಕ್ಟ್ರಾನ್ ಕಿರಣಗಳ ಪರಿವಾರದ ಫೋಟಾನುಗಳೆರಡು ಕೂಡಿ ಪೈ-ಮೆಸಾನನ್ನು ಹುಟ್ಟಿಸಲಿ ಎಂದರು. ಅದೇ ವರ್ಷ, ಅದೇ ಪತ್ರಿಕೆಯ ಅದೇ ಸಂಪುಟದಲ್ಲಿ, ಕಲೊಜೆರೊ ಮತ್ತು ಜೆಮಾಕ್ ಇಂತಹ ಯಂತ್ರಗಳಲ್ಲಿ ಕಣಗಳ ಜೋಡಿಗಳು ಹುಟ್ಟುವುದನ್ನು ಚರ್ಚಿಸಿದರು.

ಆದರೂ ಸುಮಾರು ಹತ್ತು ವರ್ಷ ಈ ಸಲಹೆಗಳು ಹಾಗೆಯೇ ಉಳಿದವು. ಇದಕ್ಕೆ ಕಾರಣವು ವಿದ್ವಾಂಸರ ಅಲಕ್ಷ್ಯವೆಂದು ಹೇಳುವುದು ಸುಲಭ; ಅದು ಸರಿಯಲ್ಲ. ಇಟಲಿಯ ಫ್ರಾಸ್ಕಾಟಿಯಲ್ಲಿ ಟೌಶೆಕ್ ಅವರ ನೇತೃತ್ವದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್‌ಗಳ ಮೊದಲ ಶೇಖರಣಾ ವಲಯವಾದ ಆಡಾ ನಡೆಯತೊಡಗಿದುದೇ 1961ರಲ್ಲಿ. ಅಂತಹ ಯಂತ್ರಗಳನ್ನು ಕಟ್ಟಿದವರ ಮನಸ್ಸೆಲ್ಲ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಅಳಿದು ಒಂದೇ ಫೋಟಾನಾಗಿ, ಅದರಿಂದ ಹೊಸ ಕಣಗಳು ಹುಟ್ಟುವ ಕ್ರಿಯೆಯ ಮೇಲಿತ್ತು. ಎರಡು ಫೋಟಾನುಗಳ ಕ್ರಿಯೆಯ ಪ್ರಮಾಣ ಅದಕ್ಕಿಂತ ಬಹಳ ಅಲ್ಪವಾಗಿರಬೇಕೆಂಬುದು ಸಾಮಾನ್ಯವಾದ ಎಣಿಕೆ. ಈ ಎಣಿಕೆಯಲ್ಲಿ ದೋಷವಿತ್ತು. ಯಂತ್ರದ ಶಕ್ತಿ ಹೆಚ್ಚಿದಂತೆ ಅಳಿವಿನ ಕ್ರಿಯೆಯು ಶಕ್ತಿಯ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಎರಡು ಫೋಟಾನುಗಳ ಕ್ರಿಯೆಯಾದರೋ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಒಂದು ಘಟ್ಟದಲ್ಲಿ ಇದು ಅದನ್ನು ಮೀರಲೇಬೇಕು.

ಇದನ್ನು ಮೊದಲು ಕಂಡವರಾರು? ಇಲ್ಲಿ ಪ್ರಕಟಣೆಯ ದಿನಾಂಕಗಳೇ ನಮಗೆ ಶಾಸನಗಳು. ಪ್ಯಾರಿಸಿನ ಕೆಸ್ಲರ್ ಮತ್ತು ಅವರ ಸಂಗಡಿಗರು 1969ರಲ್ಲಿ ಫ್ರೆಂಚ್ ಅಕಾಡೆಮಿಯ ವರದಿಗಳಲ್ಲಿ ಪ್ರಕಟಿಸಿದರು. ಸೈಬೀರಿಯದ ನೊವೊಸಿಬಿರ್ಸ್ಕ್ ನಗರದ ಬಲಾಕಿನ್, ಬುಡ್ನೆವ್, ಗಿಂಜ್‌ಬುರ್ಗ್ ಅವರ ಲೇಖನವು 1970ರಲ್ಲಿ ರಷ್ಯದ ಪತ್ರಿಕೆಯಲ್ಲಿ ಬಂದಿತು. ಬ್ರಾಡ್‌ಸ್ಕಿ, ಕಿನೋಷಿಟ, ತೆರಜಾವ ಎಂಬವರ ಲೇಖನವು ಅಮೆರಿಕದಲ್ಲಿ ಅದೇ ವರ್ಷದ ಕೊನೆಯ ಭಾಗದಲ್ಲಿ ಬೆಳಕು ಕಂಡಿತು. ಮೂರೂ ಗುಂಪುಗಳು ತಮ್ಮ ತಮ್ಮ ದಾರಿಯಿಂದಲೇ ಈ ತೀರ್ಮಾನಕ್ಕೆ ಬಂದಂತೆ ತೋರುತ್ತದೆ. ಇಂಗ್ಲಿಷಿನಲ್ಲಿ ಬರೆದವರ ಹೆಸರು ಮುಂದೆ ಹೆಚ್ಚು ಪ್ರಚಾರಕ್ಕೆ ಬಂದುದು ಸ್ವಾಭಾವಿಕ. ಆದರೆ ಲಿಪಿ ಓದಲು ಬಾರದೆಂದು ಶಾಸನವನ್ನು ಬಿಟ್ಟುಬಿಡುವುದು ಇತಿಹಾಸಕಾರನಿಗೆ ಸಲ್ಲದು. ಅದೂ ಅಲ್ಲದೆ ನೊವೊಸಿಬಿರ್ಸ್ಕಿನವರು ಸಿದ್ಧಾಂತದಲ್ಲಿ ಮಾತ್ರವಲ್ಲ, ಪ್ರಯೋಗದಲ್ಲಿಯೂ ಮೊದಲಿಗರು. ಅಲ್ಲಿಯ ವೆಪ್-2 ಶೇಖರಣಾ ವಲಯದಲ್ಲಿ 1970ರ ಸುಮಾರಿಗೆ ಎರಡು ಫೋಟಾನುಗಳಿಂದ ಹುಟ್ಟಿದ ಎಲೆಕ್ಟ್ರಾನ್ ಜೋಡಿಗಳು ಗುರುತಿಸಲ್ಪಟ್ಟು 1971ರಲ್ಲಿ ಪ್ರಕಟವಾದವು. ಅಳಿವಿನಿಂದ ಹುಟ್ಟಿದ ಜೋಡಿಯು ಬೆನ್ನಿಗೆ ಬೆನ್ನು ಕೊಟ್ಟು ನೇರವಾಗಿ ಹೊರಡುತ್ತದೆ. ಎರಡು ಫೋಟಾನುಗಳ ಶಕ್ತಿ ಸಮನಾಗಿಲ್ಲದಿರುವುದರಿಂದ ಅವುಗಳಿಂದ ಹುಟ್ಟಿದ ಜೋಡಿ ಒಂದು ಕಡೆಗೆ ವಾಲುತ್ತದೆ. ಈ ವಾಲಿಕೆಯೇ ಗುರುತು. ತರುವಾಯ ಫ್ರಾಸ್ಕಾಟಿಯ ಅಡೋನೆಯಲ್ಲಿಯೂ ಇದು ದೃಢಪಟ್ಟಿತು. ಇತರರು ಹಿನ್ನೆಲೆಯ ಗದ್ದಲವೆಂದು ಕಳೆದುಬಿಡುತ್ತಿದ್ದ ಘಟನೆಗಳಲ್ಲಿಯೇ ಹೊಸ ಶಾಸ್ತ್ರವೊಂದು ಅಡಗಿತ್ತೆಂದು ಹೀಗೆ ಗೊತ್ತಾಯಿತು. 1973ರಲ್ಲಿ ಪ್ಯಾರಿಸಿನಲ್ಲಿ ಈ ಒಂದು ವಿಷಯಕ್ಕೆಂದೇ ಅಂತರರಾಷ್ಟ್ರೀಯ ಗೋಷ್ಠಿ ಸೇರಿತು.

ಆದರೆ ಇದುವರೆಗೆ ಹುಟ್ಟಿದುದು ಎಲೆಕ್ಟ್ರಾನ್ ಮೊದಲಾದ ಪರಿಚಿತ ಕಣಗಳ ಜೋಡಿಗಳು. ಮೊದಲ ಮೆಸಾನ್ ಅನುರಣನ ದೊರೆತುದು 1979ರಲ್ಲಿ, ಕ್ಯಾಲಿಫೋರ್ನಿಯದ ಸ್ಪಿಯರ್ ಯಂತ್ರದ ಮಾರ್ಕ್-2 ಶೋಧಕದಲ್ಲಿ. ಅದು ಈಟಾ-ಪ್ರೈಮ್ ಎಂಬ, ಪೈ-ಮೆಸಾನಿಗಿಂತ ಏಳು ಪಟ್ಟು ಭಾರವಾದ ಮೆಸಾನ್. ಅದು ಒಡೆದು ಒಂದು ಗಾಮಾ ಕಿರಣವೂ ಎರಡು ಪೈ-ಮೆಸಾನುಗಳೂ ಹೊರಟವು. ಈಟಾ-ಪ್ರೈಮ್ ಎರಡು ಫೋಟಾನುಗಳಾಗಿ ಒಡೆಯುವ ದರವನ್ನು ಶಕ್ತಿಯ ಮಾನದಲ್ಲಿ ಸುಮಾರು 6 ಕಿಲೊ ಎಲೆಕ್ಟ್ರಾನ್ ವೋಲ್ಟ್ ಎಂದು ಆ ತಂಡವು ನಿರ್ಣಯಿಸಿತು. ಮುಂದಿನ ಹೆಚ್ಚು ನಿಖರವಾದ ಅಳತೆಗಳಲ್ಲಿ ಇದು ನಾಲ್ಕಕ್ಕೆ ಸ್ವಲ್ಪ ಮೇಲಕ್ಕೆ ಇಳಿಯಿತು.

ಈ ಒಂದು ಸಂಖ್ಯೆಗೆ ಅಷ್ಟು ಬೆಲೆಯೇಕೆ ಎಂದು ವಾಚಕರು ಕೇಳಬಹುದು. ಮೆಸಾನ್ ಎಂಬುದು ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕಿನ ಕೂಟವೆಂದು 1964ರಿಂದ ಹೇಳಲಾಗುತ್ತಿತ್ತು. ಆ ಕ್ವಾರ್ಕುಗಳ ವಿದ್ಯುದಂಶವು ಎಲೆಕ್ಟ್ರಾನಿನ ವಿದ್ಯುದಂಶದ ಮೂರನೆಯ ಒಂದು ಇಲ್ಲವೆ ಮೂರನೆಯ ಎರಡು ಭಾಗವೆಂಬುದು ಮೂಲ ಕಲ್ಪನೆ. ಇದನ್ನೊಪ್ಪದೆ, ಕ್ವಾರ್ಕುಗಳಿಗೂ ಪೂರ್ಣ ವಿದ್ಯುದಂಶವೇ ಇರಬಹುದೆಂದು 1965ರಲ್ಲಿ ಹಾನ್ ಮತ್ತು ನಂಬು ಮತ್ತೊಂದು ಯೋಜನೆಯನ್ನು ಮುಂದಿಟ್ಟಿದ್ದರು. ಬಿಡಿಯಾಗಿ ಕೈಗೆ ಸಿಕ್ಕದ ಕ್ವಾರ್ಕಿನ ವಿದ್ಯುದಂಶವನ್ನು ಅಳೆಯುವುದು ಹೇಗೆ? ಫೋಟಾನ್ ವಿದ್ಯುದಂಶವನ್ನಲ್ಲದೆ ಬೇರೇನನ್ನೂ ಹಿಡಿಯುವುದಿಲ್ಲ. ಎರಡು ಫೋಟಾನುಗಳು ಮೆಸಾನನ್ನು ಹುಟ್ಟಿಸುವಾಗ ಒಂದೊಂದು ಫೋಟಾನೂ ಒಂದೊಂದು ಸಲ ಕ್ವಾರ್ಕಿನ ವಿದ್ಯುದಂಶವನ್ನು ಹಿಡಿಯಬೇಕು. ಅದರ ಮೇಲೆ ಸಂಭಾವ್ಯತೆಯೆಂದರೆ ಆ ಮೊತ್ತದ ವರ್ಗ. ಹೀಗಾಗಿ ಫಲವು ವಿದ್ಯುದಂಶದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಅಲ್ಪ ವ್ಯತ್ಯಾಸವೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಪೂರ್ಣ ವಿದ್ಯುದಂಶದ ಸರಳ ಗಣನೆಯಲ್ಲಿ ಈಟಾ-ಪ್ರೈಮಿನ ದರವು ಹಲವು ಪಟ್ಟು ಹೆಚ್ಚಾಗಬೇಕಾಗಿತ್ತು. ಮಾರ್ಕ್-2ರ ಅಳತೆಯು ಭಿನ್ನಾಂಶದ ಪಕ್ಷವನ್ನೇ ಹಿಡಿಯಿತು.

ಇದಕ್ಕಿಂತಲೂ ಸೊಗಸಾದ ಸಾಕ್ಷ್ಯವು ಸ್ಪಿನ್ 2 ಉಳ್ಳ ಮೂರು ಮೆಸಾನುಗಳಿಂದ ಬಂದಿತು. ಎಫ್-2, ಎ-2, ಎಫ್-2 ಪ್ರೈಮ್ ಎಂದು ಅವುಗಳ ಹೆಸರು. ಹ್ಯಾಂಬರ್ಗ್ ನಗರದ ಡೆಸಿ ಸಂಸ್ಥೆಯ ಪೆಟ್ರಾ ಯಂತ್ರದಲ್ಲಿ ಪ್ಲೂಟೊ ತಂಡವು 1980ರಲ್ಲಿ ಎಫ್-2ರ ಶಿಖರವನ್ನು ತೋರಿಸಿತು. ಸ್ಪಿಯರಿನ ಕ್ರಿಸ್ಟಲ್ ಬಾಲ್ ಶೋಧಕವು 1982ರಲ್ಲಿ ಎ-2ವನ್ನು ತೋರಿಸಿತು; ಪೆಟ್ರಾದ ಟಾಸೊ ತಂಡವು 1983ರಲ್ಲಿ ಎಫ್-2 ಪ್ರೈಮನ್ನು ಕಂಡಿತು. ಕ್ವಾರ್ಕುಗಳ ವಿದ್ಯುದಂಶದ ವರ್ಗಗಳು ಒಂಬತ್ತರಲ್ಲಿ ನಾಲ್ಕು, ಒಂದು, ಒಂದು ಭಾಗ. ಎಫ್-2ರಲ್ಲಿ ಮೊದಲೆರಡು ಕೂಡುತ್ತವೆ, ಎ-2ರಲ್ಲಿ ಕಳೆಯುತ್ತವೆ, ಮೂರನೆಯದರಲ್ಲಿ ಕೊನೆಯ ಕ್ವಾರ್ಕ್ ಒಂದೇ ಇದೆ. ಐದು, ಮೂರು, ಒಂದು ಎಂಬ ಈ ಅಂಕಿಗಳನ್ನು ವರ್ಗ ಮಾಡಿ, ಮೊದಲೆರಡು ಜೋಡಿ ಕ್ವಾರ್ಕುಗಳ ಸಮಪಾಲಿನ ಮಿಶ್ರಣಗಳೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮೂರು ಮೆಸಾನುಗಳ ದರಗಳು 25 : 9 : 2 ಎಂಬ ಪ್ರಮಾಣದಲ್ಲಿರಬೇಕು. ಅಳತೆಯಲ್ಲಿ ಎಫ್-2 ಸುಮಾರು ಮೂರು ಕಿಲೊ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ, ಎ-2 ಸುಮಾರು ಒಂದು; ಎಫ್-2 ಪ್ರೈಮ್ ನಿರೀಕ್ಷಿಸಿದುದಕ್ಕಿಂತ ಕಡಮೆ. ಆ ಮೂರನೆಯ ಕ್ವಾರ್ಕ್ ಉಳಿದೆರಡಕ್ಕಿಂತ ಭಾರವಾದುದರಿಂದ ಈ ಕೊರತೆ ಅಷ್ಟೊಂದು ಆಶ್ಚರ್ಯವಲ್ಲ. ಯಾರ ಕಣ್ಣಿಗೂ ಬೀಳದ ಕ್ವಾರ್ಕುಗಳ ವಿದ್ಯುದಂಶವು ಶಾಲೆಯ ಹುಡುಗನೂ ಮಾಡಬಲ್ಲ ಕೂಡು-ಕಳೆಯ ಲೆಕ್ಕದಿಂದ ಹೀಗೆ ಹೊರಬಿದ್ದುದು ಈ ಅಧ್ಯಾಯದ ಅತ್ಯಂತ ರಮಣೀಯ ಭಾಗವೆಂದು ನನ್ನ ಭಾವನೆ.

ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಸ್ಪಿನ್ 1 ಉಳ್ಳ ಕಣವು ಎರಡು ನಿಜವಾದ ಫೋಟಾನುಗಳಾಗಿ ಒಡೆಯಲಾರದು, ಅವುಗಳಿಂದ ಹುಟ್ಟಲೂ ಆರದು ಎಂದು 1948ರಲ್ಲಿ ಲಾಂಡೌ, 1950ರಲ್ಲಿ ಯಾಂಗ್ ಸಾಧಿಸಿದ್ದರು. ಎಲೆಕ್ಟ್ರಾನ್-ಪಾಸಿಟ್ರಾನ್ ಅಳಿದಾಗ ಹುಟ್ಟುವ ಒಂಟಿ ಫೋಟಾನಿನಿಂದಾದರೋ ಸ್ಪಿನ್ 1 ಉಳ್ಳ ಮೆಸಾನುಗಳೇ ನೇರವಾಗಿ ಹುಟ್ಟತಕ್ಕವು. ಹೀಗೆ ಒಂದೇ ಯಂತ್ರದಲ್ಲಿ ಒಂದು ಬಾಗಿಲು ಮುಚ್ಚಿದ ಕಡೆ ಇನ್ನೊಂದು ತೆರೆಯುತ್ತಿತ್ತು. ಆದರೆ ಎರಡರಲ್ಲೊಂದು ಫೋಟಾನ್ ಪೂರ್ಣವಾಗಿ ನಿಜವಾದುದಲ್ಲದೆ, ದ್ರವ್ಯರಾಶಿಯನ್ನು ಸಾಲ ತಂದುಕೊಂಡಂತಹುದಾದರೆ ನಿಷೇಧ ಸಡಿಲವಾಗುತ್ತದೆ. ಎಲೆಕ್ಟ್ರಾನ್ ತನ್ನ ದಾರಿಯಿಂದ ಎಷ್ಟು ಬಾಗಿತೆಂಬುದನ್ನು ಹಿಡಿದು ಇಂತಹ ಫೋಟಾನನ್ನು ಗುರುತಿಸುವ ಕ್ರಮದಿಂದ, 1986ರಲ್ಲಿ ಕ್ಯಾಲಿಫೋರ್ನಿಯದ ಪೆಪ್ ಯಂತ್ರದಲ್ಲಿ ಸ್ಪಿನ್ 1ರ ಮೆಸಾನ್ ಹುಟ್ಟಿದುದನ್ನು ತೋರಿಸಲಾಯಿತು. ನಿಷೇಧವೂ ಅದರ ಅಪವಾದವೂ ಎರಡೂ ನಿಜವಾದವು. ಅದೇ ವರ್ಷ ಪ್ಲೂಟೊ ತಂಡವು ಭಾರವಾದ ಚಾರ್ಮ್ ಕ್ವಾರ್ಕುಗಳಿಂದಾದ ಈಟಾ-ಸಿ ಮೆಸಾನನ್ನೂ ಪ್ರಕಟಿಸಿತು.

ಲೋ ಅವರ ಪೈ-ಮೆಸಾನಿನ ಗತಿಯೇನಾಯಿತು? ಅದು ಹಗುರವಾದ ಕಣ. ಒಡೆದು ಹೊರಡುವ ಗಾಮಾ ಕಿರಣಗಳೂ ದುರ್ಬಲ. ಅವನ್ನು ಹಿಡಿಯಬಲ್ಲ ಶೋಧಕವು ಎಲ್ಲರಲ್ಲಿಯೂ ಇರಲಿಲ್ಲ. ಕ್ರಿಸ್ಟಲ್ ಬಾಲ್ ಎಂಬುದು 672 ಸೋಡಿಯಂ ಅಯೊಡೈಡ್ ಹರಳುಗಳನ್ನು ಚೆಂಡಿನಾಕಾರದಲ್ಲಿ ಜೋಡಿಸಿದ ಸಾಧನ. ಈ ಹರಳು ಮಳೆಗಾಲದ ಉಪ್ಪಿನಂತೆ ತೇವವನ್ನು ಹೀರಿ ಹಾಳಾಗತಕ್ಕದ್ದು. ಆದರೂ 1982ರಲ್ಲಿ ಇಡೀ ಚೆಂಡನ್ನು ಜೋಪಾನವಾಗಿ ವಿಮಾನದಲ್ಲಿ ಕ್ಯಾಲಿಫೋರ್ನಿಯದಿಂದ ಜರ್ಮನಿಗೆ ಸಾಗಿಸಿ ಡೋರಿಸ್ ಯಂತ್ರದಲ್ಲಿ ಇಟ್ಟರು. 1988ರಲ್ಲಿ ಅಲ್ಲಿಂದ ಬಂದ ಲೇಖನದಲ್ಲಿ ಪೈ, ಈಟಾ, ಈಟಾ-ಪ್ರೈಮ್ ಮೂರೂ ಎರಡು ಫೋಟಾನುಗಳಿಂದ ಹುಟ್ಟಿ ಎರಡು ಫೋಟಾನುಗಳಾಗಿಯೇ ಒಡೆದುದು ದಾಖಲಾಯಿತು. ಪೈ-ಮೆಸಾನಿನ ದರ ಸುಮಾರು 7.7 ಎಲೆಕ್ಟ್ರಾನ್ ವೋಲ್ಟ್. ಸಲಹೆಯಿಂದ ಸಿದ್ಧಿಗೆ ಇಪ್ಪತ್ತೆಂಟು ವರ್ಷ. ಪ್ರಿಮಕಾಫ್ ಅವರ ದಾರಿಯಿಂದ ಹೊರಟ ಅಮೆರಿಕದ ಪ್ರಯೋಗವೊಂದು 2020ರಲ್ಲಿ 7.80 ಎಂಬ ಮೌಲ್ಯವನ್ನು ಕೊಟ್ಟಿತು. ಎರಡು ದಾರಿಗಳೂ ಒಂದೇ ಊರಿಗೆ ಬಂದವು. ಒಂದೊಂದು ಕ್ವಾರ್ಕೂ ಮೂರು ‘ವರ್ಣ’ಗಳಲ್ಲಿ ಇರುವುದೆಂಬುದಕ್ಕೆ ಈ ದರವೇ ಪ್ರಮಾಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಏಕೆಂದರೆ ವರ್ಣವಿಲ್ಲದಿದ್ದರೆ ಇದು ಒಂಬತ್ತು ಪಟ್ಟು ಕಡಮೆಯಾಗಬೇಕಿತ್ತು. ಆದರೆ ವರ್ಣಗಳ ಸಂಖ್ಯೆ ಬದಲಾದರೆ ಕ್ವಾರ್ಕುಗಳ ವಿದ್ಯುದಂಶವನ್ನೂ ಬದಲಾಯಿಸಬೇಕಾಗುವುದೆಂದೂ, ಆಗ ಈ ವಾದ ನಿಲ್ಲದೆಂದೂ 2001ರಲ್ಲಿ ಬೇರ್ ಮತ್ತು ವೀಸೆ ತೋರಿಸಿದರು. ಪಠ್ಯಪುಸ್ತಕದ ಮಾತೂ ಮರುಪರಿಶೀಲನೆಗೆ ಹೊರತಲ್ಲ.

ಈಗ ಆರಂಭದಲ್ಲಿ ಎತ್ತಿದ ಆಕ್ಷೇಪಣೆಗೆ ಬರೋಣ. ಜಿನೀವಾದ ದೊಡ್ಡ ಹ್ಯಾಡ್ರಾನ್ ಯಂತ್ರದಲ್ಲಿ ಸೀಸದ ಬೀಜಗಳು ಒಂದನ್ನೊಂದು ತಾಗದೆ ಸಮೀಪದಲ್ಲಿ ಹಾಯ್ದಾಗ ಅವುಗಳ ಪರಿವಾರದ ಫೋಟಾನುಗಳು ಚದರಿದುದಕ್ಕೆ ಅಟ್ಲಾಸ್ ತಂಡವು 2017ರಲ್ಲಿ 13 ಘಟನೆಗಳ ಸಾಕ್ಷ್ಯವನ್ನೂ 2019ರಲ್ಲಿ 59 ಘಟನೆಗಳ ದೃಢವಾದ ದರ್ಶನವನ್ನೂ ಪ್ರಕಟಿಸಿತು. ಸೀಸದ ಬೀಜದ ವಿದ್ಯುದಂಶ 82. ಅದರ ನಾಲ್ಕನೆಯ ಘಾತ ಸುಮಾರು ನಾಲ್ಕೂವರೆ ಕೋಟಿ; ಅಷ್ಟು ಪಟ್ಟು ಅನುಕೂಲವಿದ್ದುದರಿಂದಲೇ ಇದು ಸಾಧ್ಯವಾಯಿತು. ಇದು ಮಹತ್ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆಯ್ಲರ್ ಕಂಡ ಕ್ರಿಯೆ, ಅಂದರೆ ಕ್ಷಣಮಾತ್ರದ ಕಣಜೋಡಿಗಳ ಮಧ್ಯಸ್ಥಿಕೆಯಿಂದ ಬೆಳಕು ಬೆಳಕನ್ನು ಚದರಿಸುವುದು, ಹೀಗೆ ಪ್ರತ್ಯಕ್ಷವಾಯಿತು. ಆದರೆ ಎರಡು ಫೋಟಾನುಗಳು ಒಳಹೊಕ್ಕು ಎರಡು ಫೋಟಾನುಗಳು ಹೊರಬರುವುದನ್ನು ಮನುಷ್ಯನು ಅದೇ ಮೊದಲು ನೋಡಿದನೆಂದು ಬರೆಯುವುದು ತಪ್ಪು. ಕ್ರಿಸ್ಟಲ್ ಬಾಲ್ ಅದನ್ನು 1983ರಲ್ಲಿ ಈಟಾದ ಮೂಲಕವೂ 1988ರಲ್ಲಿ ಪೈ-ಮೆಸಾನಿನ ಮೂಲಕವೂ ನೋಡಿತ್ತು. 1988ರ ಲೇಖನದ ಶೀರ್ಷಿಕೆಯಲ್ಲಿಯೇ ಆ ಕ್ರಿಯೆಯ ಸಮೀಕರಣವು ಅಚ್ಚಾಗಿದೆ. ಎರಡಕ್ಕೂ ಇರುವ ಭೇದ ಮಧ್ಯಸ್ಥರದು: ಒಂದು ಕಡೆ ಹುಟ್ಟಿ ಬಾಳಿ ಅಳಿಯುವ ಮೆಸಾನ್, ಇನ್ನೊಂದು ಕಡೆ ಹುಟ್ಟಿತೆನ್ನುವಷ್ಟರಲ್ಲಿಯೇ ಇಲ್ಲವಾಗುವ ಜೋಡಿ. ‘ಮೊದಲು’ ಎಂಬ ಶಬ್ದವನ್ನು ಬಳಸುವಾಗ ಯಾವುದರಲ್ಲಿ ಮೊದಲು ಎಂದು ಹೇಳದಿದ್ದರೆ ಒಬ್ಬರ ಪಾಲು ಇನ್ನೊಬ್ಬರ ಖಾತೆಗೆ ಸೇರಿಹೋಗುತ್ತದೆ. ಇದರಂತೆಯೇ ಬ್ರೈಟ್-ವೀಲರ್ ಅವರ ಹೆಸರಿನಲ್ಲಿಯೂ 1997ರ ಕ್ಯಾಲಿಫೋರ್ನಿಯದ ಲೇಸರ್ ಪ್ರಯೋಗ, 2021ರ ಬ್ರೂಕ್‌ಹೇವನ್ ಪ್ರಯೋಗ ಎರಡೂ ಉಲ್ಲೇಖವಾಗುತ್ತವೆ. ಮೊದಲನೆಯದರಲ್ಲಿ ಹಲವು ಲೇಸರ್ ಫೋಟಾನುಗಳು ಒಟ್ಟಾಗಿ ಕೆಲಸ ಮಾಡಿದ್ದವು. ಎರಡನೆಯದರಲ್ಲಿ ಚಿನ್ನದ ಬೀಜಗಳ ಪರಿವಾರದಿಂದ ಒಂದೊಂದು ಫೋಟಾನ್ ಬಂದು ಆರು ಸಾವಿರಕ್ಕೂ ಹೆಚ್ಚು ಜೋಡಿಗಳು ಹುಟ್ಟಿದವು.

ಮೆಸಾನುಗಳ ಕಥೆಯಲ್ಲಿ ವ್ಯಾಜ್ಯಗಳು ಇನ್ನೂ ಉಳಿದಿವೆ. ಕ್ವಾರ್ಕುಗಳಿಲ್ಲದೆ ಗ್ಲುವಾನುಗಳೇ ಕೂಡಿ ಆದ ಗ್ಲೂಬಾಲ್ ಎಂಬ ಕಣವಿರಬೇಕೆಂದು ಸಿದ್ಧಾಂತ ಹೇಳುತ್ತದೆ. ಗ್ಲುವಾನಿಗೆ ವಿದ್ಯುದಂಶವಿಲ್ಲದುದರಿಂದ ಅಂತಹ ಕಣವು ಫೋಟಾನುಗಳ ಸಂಘಟ್ಟನೆಯಲ್ಲಿ ಹುಟ್ಟುವುದು ಬಲು ಅಪರೂಪ. ಆದಕಾರಣ ಇಲ್ಲಿ ಕಾಣದಿರುವುದೇ ಅದರ ಪರವಾದ ಸಾಕ್ಷಿ. ಬಾರದ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ಎಷ್ಟು ಕಷ್ಟವೆಂಬುದು ಇತಿಹಾಸ ಬರೆಯುವವರಿಗೆ ಗೊತ್ತು. ಜಪಾನಿನ ಬೆಲ್ಲೆ ತಂಡವು ಎರಡು ಫೋಟಾನುಗಳಿಂದ ಹುಟ್ಟಿದ, ಸುಮಾರು 3930 ಮೆಗಾ ಎಲೆಕ್ಟ್ರಾನ್ ವೋಲ್ಟ್ ರಾಶಿಯ ಚಾರ್ಮ್ ಮೆಸಾನೊಂದನ್ನು 2006ರಲ್ಲಿ ಪ್ರಕಟಿಸಿತು. ಅದರ ಕುಲಗೋತ್ರ ನಿರ್ಣಯವಾಯಿತು. 2010ರಲ್ಲಿ ಅದೇ ತಂಡವು ತೋರಿಸಿದ, ಅದಕ್ಕೆ ತೀರ ಸಮೀಪದ 3915ರ ಶಿಖರವು ಯಾವ ವಂಶದ್ದೆಂಬ ಚರ್ಚೆ ಮಾತ್ರ ಮುಂದುವರಿದಿದೆ. ಅದೇ ಸ್ಥಳದಲ್ಲಿ ಕಟ್ಟಿದ ಹೊಸ ಶೋಧಕವು 2018ರಿಂದ ಸಂಘಟ್ಟನೆಗಳನ್ನು ದಾಖಲು ಮಾಡತೊಡಗಿತು. ಅಲ್ಲಿಯೂ ಸಂಘಟ್ಟನೆಗಳ ಎಣಿಕೆಗೆ ಹಿಡಿಯುವ ಅಳತೆಗೋಲು ಭಾಭಾ ಅವರದೇ.